ಗಾಜಿನ ಕೆಳಗಿನ ಗುಂಡು

ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ವರ್ಷವೆಲ್ಲ ಧೂಳು ಹಿಡಿದು ಬಿದ್ದಿರುತ್ತಿದ್ದ ಹಲಗೆಯೊಂದು ಬೇಸಗೆಯ ರಜೆ ಬಂದೊಡನೆ ಕೆಳಗಿಳಿದು, ನಡುಮನೆಯ ನೆಲದ ಮೇಲೆ ತಲೆಯ ಕಡೆಗೆ ಎರಡು ದಪ್ಪ ಪುಸ್ತಕಗಳ ಒತ್ತು ಪಡೆದು, ನಮ್ಮ ಮಧ್ಯಾಹ್ನಗಳನ್ನೆಲ್ಲ ಆಕ್ರಮಿಸಿಕೊಳ್ಳುತ್ತಿತ್ತು. ಮೇಲ್ತುದಿ ಕಮಾನಿನಂತೆ ಬಾಗಿದ್ದ ಆ ಹಲಗೆಯ ಮೈತುಂಬ ಸಣ್ಣ ಮೊಳೆಗಳು. ಮೊಳೆಗಳ ನಡುನಡುವೆ ಐವತ್ತು, ನೂರು, ಇನ್ನೂರು ಎಂದು ಅಂಕೆ ಬರೆದ ಗುಳಿಗಳು. ಬಲದಂಚಿನಲ್ಲಿ ಗುಂಡು ಓಡುವುದಕ್ಕೊಂದು ಓಣಿ, ಓಣಿಯ ಬುಡದಲ್ಲಿ ಸ್ಪ್ರಿಂಗು ಸುತ್ತಿದ ಒಂದು ಕಡ್ಡಿ. ಹಿರಿಯರು ಅದನ್ನು ಬ್ಯಾಗಟೆಲ್ ಎನ್ನುತ್ತಿದ್ದರು. ನಮಗೆ ಅದು ಗುಂಡಿನ ಹಲಗೆ. ಕಡ್ಡಿಯನ್ನೆಳೆದು ಬಿಟ್ಟೊಡನೆ ಆಡುವವನ ಅಧಿಕಾರ ಮುಗಿಯಿತು. ಮಿಕ್ಕದ್ದೆಲ್ಲ ಮೊಳೆಗಳ ಚಿತ್ತ, ಇಳಿಜಾರಿನ ಚಿತ್ತ. ಹಾಗಿದ್ದರೂ ಗುಂಡು ಬೇಡದ ದಾರಿಯನ್ನು ಹಿಡಿದಾಗ ನಮ್ಮ ಭುಜಗಳು ತಾವಾಗಿಯೇ ಮತ್ತೊಂದು ಕಡೆಗೆ ವಾಲುತ್ತಿದ್ದುವು. ಯಾರಾದರೊಬ್ಬರ ಮೊಣಕಾಲು, ಉಳಿದವರ ಕಣ್ಣು ತಪ್ಪಿಸಿ, ಹಲಗೆಯ ಮೂಲೆಯನ್ನು ಮೆಲ್ಲನೆ ಎತ್ತುತ್ತಿತ್ತು. ಅಲ್ಲಿಂದ ಮುಂದೆ ಜಗಳ.

ಈಗ ಅದೇ ಮನೆತನದ ಮೊಮ್ಮಗನೊಬ್ಬ ಟ್ಯಾಬ್ಲೆಟ್ಟನ್ನು ಎರಡು ಕೈಗಳಲ್ಲಿ ನಿಲುವಾಗಿ ಹಿಡಿದು, ಎರಡು ಹೆಬ್ಬೆರಳುಗಳನ್ನು ಗಾಜಿನ ಮೇಲೆ ಆಡಿಸುತ್ತ, ಒಳಗಿಲ್ಲದ ಗುಂಡೊಂದನ್ನು ಗಂಟೆಗಟ್ಟಲೆ ಕಾಯುವುದನ್ನು ಕಾಣುತ್ತೇನೆ. ಆ ಹಲಗೆಗೂ ಈ ಗಾಜಿಗೂ ನಡುವೆ ಪಿನ್‌ಬಾಲ್ ಎಂಬ ಆಟದ ದೀರ್ಘ ಚರಿತ್ರೆಯಿದೆ. ಅದನ್ನು ಬರೆದವರು ಸಾಮಾನ್ಯವಾಗಿ ಯಂತ್ರಗಳ ದೀಪಗಳನ್ನೂ ಗಂಟೆಗಳನ್ನೂ ಬಣ್ಣದ ಚಿತ್ರಗಳನ್ನೂ ಕುರಿತು ಬರೆದಿದ್ದಾರೆ. ನನಗಾದರೋ ಆ ಚರಿತ್ರೆಯ ಜೀವನಾಡಿ ಬೇರೊಂದೆಡೆ ಇರುವಂತೆ ತೋರುತ್ತದೆ: ಗುಂಡು ಓಡುತ್ತಿರುವಾಗ ಆಡುವವನ ಕೈಗೆ ಏನು ಮಾಡುವ ಹಕ್ಕುಂಟು ಎಂಬ ಒಂದೇ ಪ್ರಶ್ನೆಗೆ ಪ್ರತಿಯೊಂದು ಕಾಲವೂ ಕೊಟ್ಟ ಬೇರೆಬೇರೆ ಉತ್ತರಗಳೇ ಈ ಆಟದ ಚರಿತ್ರೆ.

ಮೂಲ ಫ್ರಾನ್ಸಿನದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ಶ್ರೀಮಂತರು ಬಿಲಿಯರ್ಡ್ಸ್ ಮೇಜನ್ನು ಕಿರಿದುಗೊಳಿಸಿ, ಒಂದು ಕಡೆಗೆ ಓರೆಮಾಡಿ, ಕೋಲಿನಿಂದ ಗುಂಡುಗಳನ್ನು ಮೇಲಕ್ಕೆ ತಳ್ಳಿ ಆಡುತ್ತಿದ್ದರು. ಪ್ಯಾರಿಸ್ಸಿನ ಹತ್ತಿರ 1777ರಲ್ಲಿ ಕಟ್ಟಿದ ಬ್ಯಾಗಟೆಲ್ ಎಂಬ ವಿಹಾರಮಂದಿರದ ಹೆಸರು ಆಟಕ್ಕೂ ಬಂದಿತೆಂದು ಪ್ರತೀತಿ. ಆ ಕೋಲನ್ನು ಕೈಯಿಂದ ಕಿತ್ತು ಅದರ ಸ್ಥಾನದಲ್ಲಿ ಸ್ಪ್ರಿಂಗನ್ನು ರೂಢಿಗೆ ತಂದವನು, ಇಂಗ್ಲೆಂಡಿನಿಂದ ಬಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ನೆಲಸಿದ್ದ ಮಾಂಟೇಗ್ ರೆಡ್‌ಗ್ರೇವ್. ಬ್ಯಾಗಟೆಲ್ ಹಲಗೆಯ ಸುಧಾರಣೆಗಳಿಗಾಗಿ ಅವನಿಗೆ 1871ರ ಮೇ 30ರಂದು ದೊರೆತ 115,357ನೆಯ ಸಂಖ್ಯೆಯ ಪೇಟೆಂಟಿನಲ್ಲಿ ನಮ್ಮ ಅಟ್ಟದ ಹಲಗೆಯ ಪಿತಾಮಹನ ರೂಪವನ್ನು ಕಾಣಬಹುದು. ಕೋಲು ಹಿಡಿದ ಕೈ ದಿಕ್ಕನ್ನೂ ಬಲವನ್ನೂ ತಾನೇ ನಿರ್ಣಯಿಸುತ್ತಿತ್ತು. ಸ್ಪ್ರಿಂಗು ಹಿಡಿದ ಕೈಗೆ ಉಳಿದದ್ದು ಬಲವೊಂದೇ. ಈ ಸಂಕೋಚದಿಂದಲೇ ಆಟ ಎಲ್ಲರಿಗೂ ಸುಲಭವಾಗಿ, ಮೇಜು ಚಿಕ್ಕದಾಗಿ, ಅರಮನೆಯನ್ನು ಬಿಟ್ಟು ಅಂಗಡಿಯ ಕಟ್ಟೆಗೆ ಇಳಿದು ಬಂದಿತು.

ಅಂಗಡಿಯ ಕಟ್ಟೆಯ ಮೇಲೆ ಅದು ರಾಜ್ಯವಾಳಿದ್ದು 1931ರ ನಂತರ. ಆರ್ಥಿಕ ಕುಸಿತದಿಂದ ಅಮೆರಿಕದ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದ ಆ ಕಾಲದಲ್ಲಿ ಚಿಕಾಗೋದ ಡೇವಿಡ್ ಗಾಟ್ಲೀಬ್ ಹದಿನೇಳೂವರೆ ಡಾಲರ್ ಬೆಲೆಯ 'ಬ್ಯಾಫಲ್ ಬಾಲ್' ಎಂಬ ಪೆಟ್ಟಿಗೆಯನ್ನು ಮಾಡಿ ಐವತ್ತು ಸಾವಿರಕ್ಕೂ ಮಿಗಿಲಾಗಿ ಮಾರಿದನು. ಒಂದು ಪೆನ್ನಿ ಹಾಕಿದರೆ ಕೆಲವು ಗುಂಡುಗಳು. ಕಾಸು ಹಾಕಿದವನು ಗುಂಡನ್ನು ಕೈಯಿಂದ ಮುಟ್ಟಬಾರದೆಂದು ಮೇಲೆ ಗಾಜಿನ ಮುಚ್ಚಳ. ಈ ಗಾಜನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಕಣ್ಣಿಗೆ ಎಲ್ಲವನ್ನೂ ಕೊಟ್ಟು ಕೈಗೆ ಏನನ್ನೂ ಕೊಡದಿರುವುದೇ ಅದರ ಧರ್ಮವಾಗಿತ್ತು.

ಆದರೆ ಕೈ ಸುಮ್ಮನಿರುವ ಅಂಗವಲ್ಲ. ಗಾಜು ಅಡ್ಡ ಬಂದಾಗ ಅದು ಪೆಟ್ಟಿಗೆಯ ಪಕ್ಕಗಳನ್ನು ಹಿಡಿಯಿತು. ನಮ್ಮ ನಡುಮನೆಯ ಮೊಣಕಾಲು ಮಾಡುತ್ತಿದ್ದುದನ್ನೇ ಚಿಕಾಗೋದ ಅಂಗೈಗಳೂ ಮಾಡಿದುವು, ಅಲುಗಿಸಿದುವು, ತಟ್ಟಿದುವು, ಎತ್ತಿದುವು. ಅಂಗಡಿಯವರಿಗಾದ ನಷ್ಟಕ್ಕೆ ಪರಿಹಾರವನ್ನು ಹುಡುಕಿದವನು ಹ್ಯಾರಿ ವಿಲಿಯಮ್ಸ್ ಎಂಬ ತರುಣ. 1930ರ ದಶಕದ ಮೊದಲ ವರ್ಷಗಳಲ್ಲಿ ಅವನು ಪೆಟ್ಟಿಗೆಯೊಳಗೆ ಒಂದು ಸಣ್ಣ ಕಂಬವನ್ನೂ ಅದರ ಮೇಲೊಂದು ಗುಂಡನ್ನೂ ಇರಿಸಿ, ಅಲುಗಾಟ ಮಿತಿಮೀರಿದರೆ ಆ ಗುಂಡು ಕೆಳಗುರುಳಿ ಆಟವನ್ನು ನಿಲ್ಲಿಸುವಂತೆ ಮಾಡಿದನು. ತರುವಾಯ ಲೋಹದ ಬಳೆಯೊಂದರ ನಡುವೆ ತೂಗುವ ಲೋಲಕವನ್ನು ತೊಡಿಸಿ, ಲೋಲಕ ಬಳೆಯನ್ನು ಮುಟ್ಟಿದೊಡನೆ ವಿದ್ಯುತ್ತು ಹರಿದು ಆಟ ಸ್ತಬ್ಧವಾಗುವ ಏರ್ಪಾಟನ್ನು ತಂದನು. ಇದಕ್ಕೆ 'ಟಿಲ್ಟ್' ಎಂದು ಹೆಸರಾಯಿತು. ನನಗೆ ಬಹಳ ಗೌರವವನ್ನು ಹುಟ್ಟಿಸುವ ಸಂಗತಿಯೆಂದರೆ ಈ ಲೋಲಕ ಅಲುಗಿಸುವುದನ್ನು ಪೂರ್ತಿ ನಿಷೇಧಿಸಲಿಲ್ಲ, ಅದಕ್ಕೊಂದು ಮೇರೆಯನ್ನು ಕಟ್ಟಿತು. ಮೇರೆಯೊಳಗೆ ತಟ್ಟುವವನು ಜಾಣ, ಮೇರೆ ಮೀರಿದವನು ಸೋತವ. ಮೋಸವೆನಿಸಿದ್ದ ಒಂದು ಚೇಷ್ಟೆ ಹೀಗೆ ವಿದ್ಯೆಯಾಗಿ ಮಾನ್ಯತೆ ಪಡೆಯಿತು.

ಆದಾಗ್ಯೂ ಸರ್ಕಾರಗಳ ಕಣ್ಣಿಗೆ ಅದು ವಿದ್ಯೆಯಾಗಿ ಕಾಣಲಿಲ್ಲ. ಗುಂಡನ್ನು ಹೊಡೆದ ಬಳಿಕ ಫಲ ದೈವಾಧೀನವೆಂದಾದರೆ ಅದು ಜೂಜೇ ಸರಿ ಎಂಬುದು ಅವರ ವಾದ. 1942ರಲ್ಲಿ ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯಾ ಆಟವನ್ನು ನಿಷೇಧಿಸಿ, ವಶಪಡಿಸಿಕೊಂಡ ಯಂತ್ರಗಳನ್ನು ಪತ್ರಿಕಾ ಛಾಯಾಗ್ರಾಹಕರ ಎದುರಿನಲ್ಲಿ ತಾನೇ ಸುತ್ತಿಗೆ ಹಿಡಿದು ಒಡೆದನು. ಆಟದ ತವರಾದ ಚಿಕಾಗೋದಲ್ಲಿಯೂ ದಶಕಗಳ ಕಾಲ ನಿಷೇಧವಿತ್ತು.

ಐದು ವರ್ಷಗಳ ತರುವಾಯ, 1947ರಲ್ಲಿ, ಗಾಟ್ಲೀಬ್ ಸಂಸ್ಥೆಯ ಹ್ಯಾರಿ ಮ್ಯಾಬ್ಸ್ ರಚಿಸಿದ 'ಹಂಪ್ಟಿ ಡಂಪ್ಟಿ' ಎಂಬ ಯಂತ್ರದೊಡನೆ ಕೈಗೆ ಮೊದಲ ಬಾರಿಗೆ ಗಾಜಿನೊಳಗೆ ಪ್ರವೇಶ ದೊರೆಯಿತು. ಹಲಗೆಯ ಎರಡು ಪಕ್ಕಗಳಲ್ಲಿ ಮೂರು ಮೂರರಂತೆ ಆರು ಪುಟ್ಟ ತೋಳುಗಳು. ಪೆಟ್ಟಿಗೆಯ ಹೊರಮೈಯ ಒತ್ತುಗುಂಡಿಯನ್ನು ಅದುಮಿದರೆ ಒಳಗಿನ ತೋಳು ಬೀಸಿ ಗುಂಡನ್ನು ಹೊಡೆಯುವುದು. ಇವನ್ನೇ ಫ್ಲಿಪ್ಪರ್ ಎನ್ನುತ್ತಾರೆ. ಮರುವರ್ಷ ಜೆಂಕೋ ಸಂಸ್ಥೆಯ ಸ್ಟೀವ್ ಕಾರ್ಡೆಕ್ 'ಟ್ರಿಪಲ್ ಆ್ಯಕ್ಷನ್' ಎಂಬ ಯಂತ್ರದಲ್ಲಿ ಆರು ದುರ್ಬಲ ತೋಳುಗಳ ಬದಲು ಬಲವುಳ್ಳ ಎರಡನ್ನೇ, ಅವನ್ನೂ ಹಲಗೆಯ ಬುಡದಲ್ಲಿಯೇ, ಇಟ್ಟನು. ಖರ್ಚನ್ನು ಉಳಿಸಬೇಕೆಂಬ ವಿಚಾರವೂ ಅದರಲ್ಲಿ ಸೇರಿತ್ತಂತೆ. ಎಡಗೈಗೊಂದು ತೋಳು, ಬಲಗೈಗೊಂದು ತೋಳು, ಎರಡರ ನಡುವೆ ಗುಂಡು ಜಾರಿ ಮರೆಯಾಗುವ ಪಾತಾಳದ ಬಾಯಿ: ಈ ವಿನ್ಯಾಸ ಇಂದಿನ ಟ್ಯಾಬ್ಲೆಟ್ಟಿನವರೆಗೂ ನಡೆದು ಬಂದಿದೆ.

ಈ ತೋಳಿನ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂದೆ ಗಾಜು ಅನುಕರಿಸಲು ಹೊರಟದ್ದು ಇದನ್ನೇ ಆದುದರಿಂದ ಇಲ್ಲಿ ಅವಸರ ಸಲ್ಲದು. ತೋಳಿನ ಕೆಳಗೆ ತಂತಿ ಸುತ್ತಿದ ಸುರುಳಿಯುಂಟು; ವಿದ್ಯುತ್ತು ಹರಿದೊಡನೆ ಅದು ಕಬ್ಬಿಣದ ದಂಡವನ್ನು ತನ್ನೊಳಗೆ ಸೆಳೆದುಕೊಂಡು ತೋಳನ್ನು ಬೀಸುತ್ತದೆ. ಬೀಸುವುದಕ್ಕೆ ಬೇಕಾದ ಪ್ರವಾಹವನ್ನೇ ಒಂದೇ ಸಮನೆ ಹರಿಸಿದರೆ ಸುರುಳಿ ಸುಟ್ಟುಹೋಗುವುದಾದುದರಿಂದ, ಒಂದೇ ಸುರುಳಿಯಲ್ಲಿ ಎರಡು ಸುತ್ತುಗಳನ್ನಿಟ್ಟು, ಬೀಸುವುದಕ್ಕೆ ಪ್ರಬಲವಾದದ್ದನ್ನೂ ಎತ್ತಿ ಹಿಡಿದಿರುವುದಕ್ಕೆ ದುರ್ಬಲವಾದದ್ದನ್ನೂ ಬಳಸುವರು. ತೋಳು ತುದಿಮುಟ್ಟಿದೊಡನೆ ಸಣ್ಣ ಸ್ವಿಚ್ಚೊಂದು ತೆರೆದುಕೊಂಡು ಮೊದಲನೆಯದರಿಂದ ಎರಡನೆಯದಕ್ಕೆ ಹೊರಳಿಸುವುದು. ಹಳೆಯ ಯಂತ್ರಗಳಲ್ಲಿ ಆ ಪ್ರವಾಹ ಒತ್ತುಗುಂಡಿಯ ಎಲೆಯಂತಹ ತಗಡುಗಳ ಮೂಲಕವೇ ಹಾಯುತ್ತಿತ್ತು. ಎಂದರೆ ಆಡುವವನ ಬೆರಳಿಗೂ ತೋಳಿಗೂ ನಡುವೆ ಯೋಚಿಸುವವರು ಯಾರೂ ಇರಲಿಲ್ಲ. ಬೆರಳು ಕೂಡಿಸಿತು, ತೋಳು ಎದ್ದಿತು.

ಹಲಗೆಯ ಇಳಿಜಾರು ಸುಮಾರು ಆರೂವರೆ ಡಿಗ್ರಿ, ಉಕ್ಕಿನ ಗುಂಡಿನ ತೂಕ ಸುಮಾರು 80 ಗ್ರಾಂ, ವ್ಯಾಸ 27 ಮಿಲಿಮೀಟರ್. ಇಷ್ಟರಿಂದಲೇ ಪರಿಣತರು ಒಂದು ಸೂಕ್ಷ್ಮಕಲೆಯನ್ನು ಕಟ್ಟಿದರು. ಎತ್ತಿ ಹಿಡಿದ ತೋಳಿನ ಮಡಿಲಿನಲ್ಲಿ ಗುಂಡನ್ನು ಮಲಗಿಸಿ ಉಸಿರು ತಿರುಗಿಸಿಕೊಳ್ಳುವುದು. ಇಳಿದುಬರುವ ಗುಂಡಿಗೆ ತೋಳನ್ನು ಬೀಸದೆ ಹಾಗೆಯೇ ಬಿಟ್ಟು, ಅದು ತಾನೇ ಪುಟಿದು ಮತ್ತೊಂದು ತೋಳಿಗೆ ಹೋಗುವಂತೆ ಮಾಡುವುದು. ಗುಂಡು ತಾಗುವ ಗಳಿಗೆಗೆ ಸರಿಯಾಗಿ ಎತ್ತಿದ ತೋಳನ್ನು ಕೆಳಗಿಳಿಸಿ, ನುರಿತ ಆಟಗಾರ ಕ್ರಿಕೆಟ್ ಚೆಂಡನ್ನು ಅಂಗೈ ಹಿಂದೆಗೆದು ಹಿಡಿಯುವಂತೆ, ಅದರ ವೇಗವನ್ನು ನುಂಗಿಬಿಡುವುದು. ಇವೆಲ್ಲವೂ ಕಣ್ಣಿನ ವಿದ್ಯೆಗಿಂತ ಹೆಚ್ಚಾಗಿ ಬೆರಳಿನ ವಿದ್ಯೆ. ತಟ್ಟಿದಾಗ ತಿರುಗಿ ಬರುವ ಸಣ್ಣ ಅದುರು, ಪೆಟ್ಟಿಗೆಯ ಪಕ್ಕದ ಗಡುಸು, ಒತ್ತುಗುಂಡಿ ಎಲ್ಲಿಗೆ ಕೂಡುತ್ತದೆಂಬ ಗುರುತು, ಇವನ್ನೇ ಆಧರಿಸಿದ ವಿದ್ಯೆ. ಮೇಲೆ ಮತ್ತೊಂದು ತೋಳಿರುವ ಕೆಲವು ಯಂತ್ರಗಳಲ್ಲಿ ಒಂದೇ ಒತ್ತುಗುಂಡಿಯ ಹಿಂದೆ ಎರಡು ಸ್ವಿಚ್ಚುಗಳಿದ್ದು, ಅರ್ಧ ಒತ್ತಿದರೆ ಕೆಳಗಿನ ತೋಳು ಮಾತ್ರವೂ ಪೂರ್ತಿ ಒತ್ತಿದರೆ ಮೇಲಿನದೂ ಏಳುವುದುಂಟು. ಒಂದು ಬೆರಳಿನ ಅರ್ಧ ಒತ್ತಿಗೂ ಪೂರ್ಣ ಒತ್ತಿಗೂ ಬೇರೆಬೇರೆ ಅರ್ಥ ಹಚ್ಚಿದ ಈ ನಾಜೂಕು ವೀಣೆಯ ಮೆಟ್ಟಿಲ ಮೇಲೆ ತಂತಿಯನ್ನೆಳೆಯುವ ಗಮಕವನ್ನು ನೆನಪಿಗೆ ತರುತ್ತದೆ.

ನ್ಯೂಯಾರ್ಕಿನ ನಿಷೇಧ ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ತರುಣ ಪತ್ರಿಕಾ ಬರಹಗಾರ ನಗರಸಭೆಯ ಸದಸ್ಯರೆದುರು ಯಂತ್ರವೊಂದರ ಮುಂದೆ ನಿಂತು ಆಡಿ ತೋರಿಸಿದನು. ಕೊನೆಗೆ ಸ್ಪ್ರಿಂಗಿನ ಕಡ್ಡಿಯನ್ನು ಹಿಡಿದು, ಗುಂಡು ಮೇಲೆ ನಡುವಣ ಓಣಿಯನ್ನೇ ಹೊಕ್ಕು ಇಳಿಯುವುದೆಂದು ಮೊದಲೇ ಹೇಳಿ, ಹೇಳಿದಂತೆಯೇ ಹೊಡೆದನು. ಕೈಯಲ್ಲಿ ವಿದ್ಯೆಯುಂಟೆಂಬುದು ಹೀಗೆ ಸಾಕ್ಷ್ಯವಾಗಿ ದಾಖಲಾಯಿತು.

ಆದರೆ ಅಷ್ಟುಹೊತ್ತಿಗೆ ಗುಂಡೇ ಮಾಯವಾಗುವ ಕಾಲ ಸಮೀಪಿಸಿತ್ತು. 1979ರಲ್ಲಿ ಅಟಾರಿ ಸಂಸ್ಥೆ 'ವಿಡಿಯೋ ಪಿನ್‌ಬಾಲ್' ತಂದಿತು. 1981ರಲ್ಲಿ ಬಿಲ್ ಬಡ್ಜ್ ಎಂಬಾತ ಆ್ಯಪಲ್ ಕಂಪ್ಯೂಟರಿಗಾಗಿ 'ರಾಸ್ಟರ್ ಬ್ಲಾಸ್ಟರ್' ಬರೆದನು. ಮುಂದೆ ಆಡುವವನೇ ತನ್ನ ಹಲಗೆಯನ್ನು ಕಟ್ಟಿಕೊಳ್ಳಬಹುದಾದ ತಂತ್ರಾಂಶವನ್ನೂ ಅವನೇ ರಚಿಸಿದನು. ನಮ್ಮ ನಾಡಿನ ಬಹುಮಂದಿಗೆ ಪಿನ್‌ಬಾಲ್ ಎಂಬ ಹೆಸರು ಪರಿಚಿತವಾದದ್ದು 'ಸ್ಪೇಸ್ ಕ್ಯಾಡೆಟ್' ಎಂಬ ಹಲಗೆಯಿಂದ. 1995ರಲ್ಲಿ ವಿಂಡೋಸ್ ಜೊತೆಗಿನ ಪ್ಲಸ್ ಪ್ಯಾಕಿನಲ್ಲಿ ಬಂದು ವಿಂಡೋಸ್ ಎಕ್ಸ್‌ಪಿಯವರೆಗೂ ಉಳಿದ ಅದನ್ನು ಬೆಂಗಳೂರಿನ ಕಛೇರಿಗಳಲ್ಲಿ, ತಾಲ್ಲೂಕು ಊರುಗಳ ಸೈಬರ್ ಸೆಂಟರುಗಳಲ್ಲಿ, ಇಂಟರ್ನೆಟ್ಟು ಕೈಕೊಟ್ಟ ಹೊತ್ತಿನಲ್ಲಿ, ಎಷ್ಟು ಮಂದಿ ಆಡಿಲ್ಲ! ನಾನೂ ಆಡಿದ್ದೇನೆ. ಎಡತೋಳಿಗೆ ಝಡ್ ಅಕ್ಷರದ ಕೀಲಿ, ಬಲತೋಳಿಗೆ ಓರೆಗೆರೆಯ ಕೀಲಿ, ಸ್ಪ್ರಿಂಗನ್ನು ಎಳೆಯಲು ಸ್ಪೇಸ್ ಬಾರ್. ಗುಂಡು ಸುಳ್ಳಾದರೂ ಕೀಲಿಗಳು ನಿಜವಾಗಿದ್ದುವು. ಒತ್ತಿದರೆ ಕುಗ್ಗುತ್ತಿದ್ದುವು, ಬಿಟ್ಟರೆ ಏಳುತ್ತಿದ್ದುವು, ಕಣ್ಣನ್ನು ಪರದೆಯಿಂದ ಕದಲಿಸದೆ ಬೆರಳು ತನ್ನ ಸ್ಥಾನವನ್ನು ತಾನೇ ತಿಳಿದಿರುತ್ತಿತ್ತು. ಮುಂದೆ 64 ಬಿಟ್ಟಿನ ವಿಂಡೋಸಿಗೆ ಅದನ್ನು ಒಗ್ಗಿಸಲು ಹೊರಟಾಗ ಲೆಕ್ಕದ ಸೂಕ್ಷ್ಮ ವ್ಯತ್ಯಾಸದಿಂದ ಗುಂಡು ಘನವಸ್ತುಗಳನ್ನೆಲ್ಲ ಪ್ರೇತದಂತೆ ಹಾಯ್ದು ಕೆಳಗೆ ಬೀಳತೊಡಗಿತೆಂದೂ, ಆದುದರಿಂದಲೇ ಆಟವನ್ನು ಕೈಬಿಡಲಾಯಿತೆಂದೂ ಮೈಕ್ರೋಸಾಫ್ಟಿನ ರೇಮಂಡ್ ಚೆನ್ ಬರೆದಿದ್ದಾರೆ.

ಸ್ಪರ್ಶಪರದೆಯ ಕಥೆ ಇದಕ್ಕಿಂತ ಹಳೆಯದು. ಇಂಗ್ಲೆಂಡಿನ ಮಾಲ್ವರ್ನ್‌ನ ರೇಡಾರ್ ಸಂಶೋಧನಾಲಯದಲ್ಲಿ ಇ. ಎ. ಜಾನ್ಸನ್ 1965ರಲ್ಲಿಯೇ ಬೆರಳ ಸ್ಪರ್ಶವನ್ನು ವಿದ್ಯುತ್ತಿನ ಧಾರಣಶಕ್ತಿಯ ವ್ಯತ್ಯಾಸದಿಂದ ಗುರುತಿಸುವ ಪರದೆಯನ್ನು ವಿವರಿಸಿದ್ದನು. ಆದರೆ ಒಂದು ಕಾಲಕ್ಕೆ ಒಂದೇ ಬೆರಳನ್ನು ಅರಿಯಬಲ್ಲ ಪರದೆಯಿಂದ ಪಿನ್‌ಬಾಲಿಗೆ ಆಗಬೇಕಾದದ್ದೇನು? ಎಡತೋಳಿನಲ್ಲಿ ಒಂದು ಗುಂಡನ್ನು ಎತ್ತಿ ಹಿಡಿದಿರುವಾಗಲೇ ಬಲತೋಳಿನಿಂದ ಮತ್ತೊಂದನ್ನು ಹೊಡೆಯಬೇಕಾದ ಆಟವಿದು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ನಿಮಿಷ್ ಮೆಹ್ತಾ 1982ರಲ್ಲಿ ಮಾಡಿದ ಬಹುಸ್ಪರ್ಶದ ಪ್ರಯೋಗ ಮೊದಲ್ಗೊಂಡು, ಆ್ಯಪಲ್ ಸಂಸ್ಥೆ 2005ರಲ್ಲಿ ಕೊಂಡ ಫಿಂಗರ್‌ವರ್ಕ್ಸ್ ಎಂಬ ಸಣ್ಣ ಕಂಪೆನಿಯ ಕೆಲಸದವರೆಗೆ ಬಹುಮಂದಿ ದುಡಿದ ಬಳಿಕ, 2007ರ ಐಫೋನು ಹಲವು ಬೆರಳುಗಳನ್ನು ಒಮ್ಮೆಗೇ ಅರಿಯುವ ಗಾಜನ್ನು ಜನಸಾಮಾನ್ಯರ ಕೈಗಿತ್ತಿತು. 2010ರ ಏಪ್ರಿಲ್ 3ರಂದು ಮಾರಾಟಕ್ಕೆ ಬಂದ ಐಪ್ಯಾಡಿನ 9.7 ಅಂಗುಲದ ಪರದೆಯನ್ನು ನಿಲುವಾಗಿ ಹಿಡಿದರೆ, ತುಸು ಅಗಲವೆನಿಸಿದರೂ, ಪಿನ್‌ಬಾಲ್ ಹಲಗೆಯದೇ ಆಕಾರ. ಅಡ್ಡಡ್ಡವಾದ ಕಂಪ್ಯೂಟರ್ ಪರದೆಯಲ್ಲಿ ಅರ್ಧ ಮರೆಯಾಗುತ್ತಿದ್ದ ಹಲಗೆ ಇಲ್ಲಿ ತಲೆಯಿಂದ ಬುಡದವರೆಗೆ ಒಂದೇ ನೋಟಕ್ಕೆ ದೊರೆಯಿತು.

ಗಾಜಿನ ಮೇಲೆ ಒತ್ತುಗುಂಡಿಗಳನ್ನು ಎಲ್ಲಿ ಇಡಬೇಕು? ಆಟ ಕಟ್ಟಿದವರು ಕಂಡುಕೊಂಡ ಉತ್ತರ ಸರಳ, ಆದುದರಿಂದಲೇ ಅದನ್ನು ಮೆಚ್ಚಬೇಕು: ಎಲ್ಲಿಯೂ ಇಡಬಾರದು. ಚಿತ್ರದ ಒತ್ತುಗುಂಡಿಯೊಂದನ್ನು ಬರೆದರೆ ಅಂಚಿಲ್ಲದ ಆ ಗುಂಡಿಯಿಂದ ಹೆಬ್ಬೆರಳು ತಿಳಿಯದೆ ಜಾರುತ್ತದೆ, ಮತ್ತು ಬೆರಳೇ ಹಲಗೆಯನ್ನು ಮುಚ್ಚುತ್ತದೆ. ಆದುದರಿಂದ ಪರದೆಯ ಎಡಭಾಗವೆಲ್ಲ ಎಡತೋಳಿಗೆ, ಬಲಭಾಗವೆಲ್ಲ ಬಲತೋಳಿಗೆ ಸಲ್ಲುವಂತೆ ಮಾಡಿದರು. ತಪ್ಪುವುದಕ್ಕೆ ಅವಕಾಶವೇ ಇಲ್ಲದಷ್ಟು ವಿಶಾಲವಾದ ಎರಡು ಅದೃಶ್ಯ ಗುಂಡಿಗಳು! ಅಲುಗಿಸುವುದಕ್ಕೆ ಟ್ಯಾಬ್ಲೆಟ್ಟಿನೊಳಗೆ ಚಲನೆಯನ್ನು ಅಳೆಯುವ ಸಂವೇದಕವಿತ್ತು. ಕೆಲವು ಆಟಗಳು ಟ್ಯಾಬ್ಲೆಟ್ಟನ್ನೇ ಕುಲುಕಲು ಹೇಳಿದುವು, ಕೆಲವು ಗಾಜಿನ ಮೇಲೆ ಬೆರಳನ್ನು ಅಡ್ಡ ಸರಿಸಲು ಹೇಳಿದುವು. ಕುಲುಕಿದಾಗ ಹಲಗೆಯೊಡನೆ ಕಣ್ಣೆದುರಿನ ಚಿತ್ರವೂ ಕದಲಿ ಗುಂಡು ತಪ್ಪುವುದರಿಂದ ಬೆರಳನ್ನು ಸರಿಸುವ ಪದ್ಧತಿಯೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಹ್ಯಾರಿ ವಿಲಿಯಮ್ಸನ ಲೋಲಕ ಎಲ್ಲಿ ಮುಟ್ಟೀತೆಂಬ ಅಳುಕು ಅಂಗೈಗೆ ತಿಳಿಯುತ್ತಿದ್ದಂತೆ ಇಲ್ಲಿ ತಿಳಿಯದು.

ಅದಕ್ಕಿಂತಲೂ ಹಿರಿದಾದ ತೊಡಕು ಕಾಲದ್ದು. ಬೆರಳು ತಾಗಿದ್ದನ್ನು ಗಾಜು ಅರಿತು, ಆಟಕ್ಕೆ ತಿಳಿಸಿ, ಆಟ ಲೆಕ್ಕ ಹಾಕಿ, ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯ ಮೇಲೆ ತೋಳನ್ನು ಎತ್ತಿ ತೋರಿಸುವಷ್ಟರಲ್ಲಿ ಒಂದಿಷ್ಟು ಹೊತ್ತು ಸಂದಿರುತ್ತದೆ. ಸಾಮಾನ್ಯ ಪರದೆಗಳಲ್ಲಿ ಈ ವಿಳಂಬ ಸುಮಾರು 100 ಮಿಲಿಸೆಕೆಂಡೆಂದು 2012ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರು ಪ್ರಯೋಗದಿಂದ ತೋರಿಸಿದರು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುವ ಗುಂಡು ಅಷ್ಟರಲ್ಲಿ ಹತ್ತು ಸೆಂಟಿಮೀಟರ್ ಸಾಗಿರುತ್ತದೆ. ನಿಜವಾದ ಯಂತ್ರದ ತೋಳಿನ ಉದ್ದವೇ ಸುಮಾರು ಏಳೂವರೆ ಸೆಂಟಿಮೀಟರ್. ಆದುದರಿಂದ ಗಾಜಿನ ಮೇಲೆ ಆಡುವವನು ಗುಂಡು ಇದ್ದಲ್ಲಿಗೆ ಹೊಡೆಯದೆ ಬರಲಿರುವಲ್ಲಿಗೆ ಹೊಡೆಯುವುದನ್ನು ಕಲಿತನು. 2017ರ ಐಪ್ಯಾಡ್ ಪ್ರೋ ಪರದೆ ಸೆಕೆಂಡಿಗೆ 120 ಬಾರಿ ಬದಲಾಗತೊಡಗಿದ ಮೇಲೆ ಈ ಅಂತರ ಕಿರಿದಾಗಿದೆಯಾದರೂ ಪೂರ್ತಿ ಅಳಿದಿಲ್ಲ. ಅರ್ಧ ಒತ್ತು, ಪೂರ್ಣ ಒತ್ತು ಎಂಬ ಭೇದವಂತೂ ಗಾಜಿಗೆ ಅರಿಯದ ವಿಷಯ. 2015ರ ಐಫೋನಿನಲ್ಲಿ ಒತ್ತಡವನ್ನು ಅಳೆಯುವ ಗಾಜು ಬಂದಿತಾದರೂ ಅದು ಟ್ಯಾಬ್ಲೆಟ್ಟಿಗೆ ಬರಲೇ ಇಲ್ಲ. ಫೋನಿನಿಂದಲೂ ಕೆಲವೇ ವರ್ಷಗಳಲ್ಲಿ ಮರೆಯಾಯಿತು.

ಇಷ್ಟೆಲ್ಲ ಕೊರತೆಯಿದ್ದರೂ ಈ ಗಾಜು ಮಾಡಿದ ಉಪಕಾರವನ್ನು ನಾನು ಸಣ್ಣದೆನ್ನಲಾರೆ. ಆಟದ ದೊಡ್ಡ ತಯಾರಕರಾಗಿದ್ದ ವಿಲಿಯಮ್ಸ್ ಸಂಸ್ಥೆ 1999ರಲ್ಲಿ ತನ್ನ ಪಿನ್‌ಬಾಲ್ ವಿಭಾಗವನ್ನು ಮುಚ್ಚಿತು. ಯಂತ್ರಗಳು ಉಗ್ರಾಣಗಳಲ್ಲಿ ತುಕ್ಕು ಹಿಡಿಯುತ್ತಿದ್ದಾಗ, ಅಮೆರಿಕದ ಫಾರ್‌ಸೈಟ್ ಸ್ಟುಡಿಯೋಸ್ 2012ರಿಂದ 'ಪಿನ್‌ಬಾಲ್ ಆರ್ಕೇಡ್' ಎಂಬ ಹೆಸರಿನಲ್ಲಿ ಅವುಗಳ ಅಳತೆಯನ್ನೂ ಚಿತ್ರವನ್ನೂ ಧ್ವನಿಯನ್ನೂ ಒಂದೊಂದಾಗಿ ಟ್ಯಾಬ್ಲೆಟ್ಟಿಗೆ ತಂದಿತು. ಕೆಲವು ಹಲಗೆಗಳ ಪರವಾನಗಿಗೆ ಬೇಕಾದ ಹಣವನ್ನು ಅಭಿಮಾನಿಗಳೇ ಕಿಕ್‌ಸ್ಟಾರ್ಟರ್ ಮೂಲಕ ಕೂಡಿಸಿ ಕೊಟ್ಟರು. 2018ರ ಜೂನ್ ಕೊನೆಗೆ ವಿಲಿಯಮ್ಸ್ ಹಲಗೆಗಳ ಪರವಾನಗಿ ತಪ್ಪಿ, ಬಳಿಕ ಅದೇ ವರ್ಷ ಹಂಗೆರಿಯ ಬುಡಾಪೆಸ್ಟಿನ ಝೆನ್ ಸ್ಟುಡಿಯೋಸಿನ ಪಾಲಾಯಿತು. ಇಂತಹ ಯಂತ್ರವನ್ನು ಎಂದೂ ಮುಟ್ಟದಿದ್ದ ನನ್ನಂತಹವರು ಅದರ ಹಲಗೆಯ ಓಣಿಗಳನ್ನು ಮನೆಯ ಓಣಿಗಳಂತೆ ಅರಿತದ್ದು ಈ ದಾರಿಯಿಂದಲೇ. 1931ರ ಪೆಟ್ಟಿಗೆಯ ಮೇಲೆ ಕೈಯನ್ನು ದೂರವಿಡುವುದಕ್ಕಾಗಿ ಹೊದಿಸಿದ ಗಾಜು ಇಲ್ಲಿ ಕೈ ಮುಟ್ಟಬಹುದಾದ ಏಕಮಾತ್ರ ವಸ್ತುವಾಗಿ ನಿಂತಿದೆ.

ಒಂದು ಸಂಗತಿ ಮಾತ್ರ ನನ್ನನ್ನು ಮತ್ತೆಮತ್ತೆ ನಿಲ್ಲಿಸುತ್ತದೆ. 1991ರ 'ಟರ್ಮಿನೇಟರ್ 2' ಎಂಬ ಯಂತ್ರದಲ್ಲಿ ಸ್ಪ್ರಿಂಗಿನ ಕಡ್ಡಿಯಿರಲಿಲ್ಲ; ಪಿಸ್ತೂಲಿನ ಹಿಡಿಯಂತಹದೊಂದರ ಕುದುರೆಯನ್ನೆಳೆದರೆ ವಿದ್ಯುತ್ತೇ ಗುಂಡನ್ನು ಹೊಡೆಯುತ್ತಿತ್ತು. ಅಲ್ಲಿಂದ ಮುಂದೆ ಎಷ್ಟೋ ಉಕ್ಕಿನ ಯಂತ್ರಗಳು ರೆಡ್‌ಗ್ರೇವನ ಸ್ಪ್ರಿಂಗನ್ನು ಬಿಟ್ಟು ಒತ್ತುಗುಂಡಿಗೆ ಒಲಿದುವು. ಸ್ಪ್ರಿಂಗೇ ಇಲ್ಲದ ಗಾಜು ಅದನ್ನು ಬಿಡಲಿಲ್ಲ. ಮೊನ್ನೆ ಮೊಮ್ಮಗ ಹೊಸ ಗುಂಡಿಗಾಗಿ ಹೆಬ್ಬೆರಳನ್ನು ಪರದೆಯ ಬಲಮೂಲೆಯಲ್ಲಿಟ್ಟು ಕೆಳಕ್ಕೆ ಎಳೆದನು. ಚಿತ್ರದ ಸ್ಪ್ರಿಂಗು ಕುಗ್ಗಿತು. ಗುಂಡು ನಡುವಣ ಓಣಿಗೆ ಬೀಳಬೇಕೆಂದು ಅವನು ಬೆರಳನ್ನು ಕೂದಲೆಳೆಯಷ್ಟು ಹಿಂದೆ ಸರಿಸಿ, ಉಸಿರು ಹಿಡಿದು, ಬಿಟ್ಟನು.